ಕೆಮ್ಮಣ್ಣಿನ ದಾರಿ, ಬೀದರಿನ ಕಡೆಗೆ

ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಲ್ಯಾಂಕಾಸ್ಟರ್ ಎನ್ನುವ ಕೌಂಟಿ ಇದೆ. ಈ ಪತ್ರಿಕೆಯ ಓದುಗರಲ್ಲಿ ಆ ಕಡೆ ನೆಲೆಸಿರುವವರು ಒಮ್ಮೆಯಾದರೂ ಮಕ್ಕಳನ್ನು ಕಟ್ಟಿಕೊಂಡು ಅಲ್ಲಿಗೆ ಹೋಗಿ ಬಂದಿರುತ್ತೀರಿ. ಕುದುರೆಗಾಡಿಯಲ್ಲಿ ಓಡಾಡುವ, ಮನೆಗೆ ಕರೆಂಟಿನ ತಂತಿ ಎಳೆಸಿಕೊಳ್ಳದ, ಇವತ್ತಿಗೂ ಕುದುರೆ, ಹೇಸರಗತ್ತೆ ಕಟ್ಟಿ ಹೊಲ ಉಳುವ ಆಮಿಷ್ ಜನರ ಸೀಮೆ ಅದು. ಕಾಲೇಜಿನಲ್ಲಿ ನನ್ನ ಜೊತೆ ಓದಿದ ಗೆಳೆಯನೊಬ್ಬ ಅಲ್ಲೇ ಹತ್ತಿರದಲ್ಲಿದ್ದಾನೆ. ಕಳೆದ ಬೇಸಿಗೆಯಲ್ಲಿ ಆ ಹೊಲಗಳ ನಡುವೆ ನೂರು ಮೈಲಿ ಸೈಕಲ್ ಹೊಡೆದು ಬಂದು, ಫೋನಿನಲ್ಲಿ ಒಂದು ಗಂಟೆ ಅದನ್ನೇ ಹೇಳಿದ. ಅವನು ಹೇಳಿದ್ದರಲ್ಲಿ ನನ್ನ ತಲೆಯಲ್ಲಿ ಉಳಿದದ್ದು ಒಂದೇ ಸಂಗತಿ. ಲ್ಯಾಂಕಾಸ್ಟರಿನ ಆಮಿಷ್ ಜನ ಸೈಕಲ್ ತುಳಿಯುವುದಿಲ್ಲವಂತೆ! ಎರಡು ಚಕ್ರವಿದ್ದು ಪೆಡಲ್ ಇಲ್ಲದ, ನಿಂತುಕೊಂಡು ಒಂದು ಕಾಲಿನಿಂದ ನೆಲ ಒದ್ದು ಓಡಿಸುವ ಸ್ಕೂಟರ್ ಅವರದ್ದು. ಸೈಕಲ್ ಕೊಟ್ಟರೆ ಮನುಷ್ಯ ಮನೆಯಿಂದ, ಊರಿನಿಂದ ತೀರಾ ದೂರ ಹೋಗಿಬಿಡುತ್ತಾನೆ ಅನ್ನುವುದು ಅವರ ಹಿರಿಯರ ಲೆಕ್ಕಾಚಾರ.

ನಗಬೇಡಿ. ಪಾವಗಡ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಹುಟ್ಟಿ, ಹತ್ತನೇ ಕ್ಲಾಸಿಗೆ ಅಪ್ಪ ಕೊಡಿಸಿದ ಸೈಕಲ್ಲಿನಲ್ಲಿ ಮೊದಲು ಪೇಟೆ ನೋಡಿ, ಆಮೇಲೆ ತುಮಕೂರು, ಬೆಂಗಳೂರು, ಈಗ ಹದಿನೆಂಟು ವರ್ಷದಿಂದ ಹೈದರಾಬಾದಿನ ಮಿಯಾಪುರ ಅಂತ ಬಂದು ಕೂತಿರುವ ನನಗೆ, ಆ ಹಿರಿಯರ ಲೆಕ್ಕ ಪೂರ್ತಿ ತಪ್ಪು ಅನ್ನಿಸಲಿಲ್ಲ.

ಸೈಕಲ್ ನನ್ನ ಹುಚ್ಚು ಎಂದು ಈ ಅಂಕಣ ಓದುವವರಿಗೆ ಗೊತ್ತು. ಹೈದರಾಬಾದಿನಲ್ಲಿ ಈ ಹುಚ್ಚಿನವರ ದೊಡ್ಡ ಸಂತಾನವೇ ಇದೆ. ಫ್ರಾನ್ಸಿನ ಆಡಾಕ್ಸ್ ಕ್ಲಬ್ ಪ್ಯಾರಿಸಿಯಾನ್ ನಿಯಮದ ಪ್ರಕಾರ ನಡೆಯುವ ಬ್ರೆವೆ ಸವಾರಿಗಳು ಇಲ್ಲಿ ವರ್ಷವಿಡೀ ಇರುತ್ತವೆ: 200 ಕಿಲೋಮೀಟರಿಗೆ ಹದಿಮೂರೂವರೆ ಗಂಟೆ, 300ಕ್ಕೆ 20 ಗಂಟೆ, 400ಕ್ಕೆ 27, 600ಕ್ಕೆ 40. ಒಂದೇ ಋತುವಿನಲ್ಲಿ ನಾಲ್ಕನ್ನೂ ಮುಗಿಸಿದವರಿಗೆ 'ಸೂಪರ್ ರಾಂದೊನ್ಯೂರ್' ಎಂಬ ಬಿರುದು. ನಾನು 300ರವರೆಗೆ ಹೋಗಿದ್ದೇನೆ, ಅದರಾಚೆಗೆ ಹೋಗುವ ಆಸೆ ಇಲ್ಲ. ಕಾರ್ಡಿಗೆ ಮುದ್ರೆ ಒತ್ತಿಸಿಕೊಳ್ಳುವ ಗಡಿಬಿಡಿಯಲ್ಲಿ ಪಕ್ಕದ ಹೊಲದಲ್ಲಿ ಏನು ಬೆಳೆದಿದೆ ಅಂತ ನೋಡಲು ಆಗುವುದಿಲ್ಲ. ಆದ್ದರಿಂದ ಈ ಸಂಕ್ರಾಂತಿ ರಜೆಯಲ್ಲಿ ಕಾರ್ಡೂ ಇಲ್ಲದೆ, ಗಡಿಯಾರವೂ ಇಲ್ಲದೆ ಹೊರಟೆ. ಮಿಯಾಪುರದಿಂದ ಜಹೀರಾಬಾದ್, ಅಲ್ಲಿಂದ ಬೀದರ್, ಮಾರನೇ ದಿನ ವಾಪಸ್. ಒಂದು ಕಡೆಗೆ ನೂರಿಪ್ಪತ್ತು ಚಿಲ್ಲರೆ ಕಿಲೋಮೀಟರ್.

ಹೋಗಲು ಇನ್ನೊಂದು ಕಾರಣವೂ ಇತ್ತು. ಡಿಸೆಂಬರಿನಿಂದ ಊರಿನಲ್ಲಿರುವ ಅಣ್ಣ ವಾರಕ್ಕೊಂದು ಸಲ ಫೋನ್ ಮಾಡುತ್ತಿದ್ದ. "ಏನೋ, ಸೈನ್ ಹಾಕೋಕೆ ಯಾವಾಗ ಬರ್ತೀಯ?" ನಮ್ಮ ಕಡೆ ಸೋಲಾರ್ ಪಾರ್ಕ್ ಬಂದಿರುವುದು ನಿಮಗೆ ಗೊತ್ತಿರಬಹುದು. ಪಾವಗಡ ತಾಲ್ಲೂಕಿನ ಐದು ಹಳ್ಳಿಗಳಲ್ಲಿ ಸುಮಾರು 13,000 ಎಕರೆ, 2,050 ಮೆಗಾವ್ಯಾಟ್. ನೆಲ ಕೊಂಡುಕೊಳ್ಳಲಿಲ್ಲ, ರೈತರಿಂದ 28 ವರ್ಷಕ್ಕೆ ಗುತ್ತಿಗೆ ಪಡೆದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು. ನಮ್ಮೂರು ಆ ಐದರಲ್ಲಿಲ್ಲ, ಆದರೆ ಈಗ ಸುತ್ತಲಿನ ಊರುಗಳಲ್ಲೂ ಗುತ್ತಿಗೆಯ ಮಾತು ನಡೆಯುತ್ತಿದೆ. ನಮ್ಮದು ಮಳೆಯನ್ನೇ ನಂಬಿದ ನಾಲ್ಕು ಎಕರೆ ಹೊಲ. ಜಂಟಿ ಖಾತೆ, ಅಣ್ಣನೊಬ್ಬನ ಸಹಿ ಸಾಲದು. ಮೂರು ವರ್ಷದಿಂದ ಬೀಳು ಬಿದ್ದಿದೆ. ಹತ್ತರಲ್ಲಿ ಆರು ವರ್ಷ ಮಳೆ ಕೈಕೊಡುವ ಸೀಮೆಯಲ್ಲಿ ಎಕರೆಗೆ 21,000 ಅಂದರೆ ಏನು ಎನ್ನುವುದು ಆ ಸೀಮೆಯವರಿಗೇ ಗೊತ್ತು. ಅಣ್ಣನ ಮಾತನ್ನು ತಳ್ಳಿಹಾಕುವ ಯೋಗ್ಯತೆ ನನಗಿಲ್ಲ. ಆದರೂ ಸಹಿ ಮಾಡಲು ಕೈ ಬಾರದೆ, ಮೊದಲು ಜಹೀರಾಬಾದ್ ನೋಡಿಕೊಂಡು ಬರೋಣ ಅನ್ನಿಸಿತು. ಯಾಕೆ ಜಹೀರಾಬಾದ್ ಎನ್ನುವುದಕ್ಕೆ ಬರುತ್ತೇನೆ.

ಬೆಳಗಿನ ಐದಕ್ಕೆ ಹೊರಟಾಗ ಚಳಿ ಚೆನ್ನಾಗಿಯೇ ಇತ್ತು. ಹೈದರಾಬಾದಿನಲ್ಲಿ ಚಳಿಯೇ ಇಲ್ಲ ಎನ್ನುವವರು ಜನವರಿಯಲ್ಲಿ ಒಮ್ಮೆ ಸಂಗಾರೆಡ್ಡಿ ದಾಟಿ ನೋಡಬೇಕು. ತೆಲಂಗಾಣದ ಕನಿಷ್ಠ ತಾಪಮಾನದ ಸುದ್ದಿಯಲ್ಲಿ ಜಹೀರಾಬಾದಿನ ಪಕ್ಕದ ಕೋಹೀರ್ ಹೆಸರು ಆಗಾಗ ಬರುತ್ತಿರುತ್ತದೆ. ಈ ದಾರಿ ಪುಣೆಯಿಂದ ಮಚಲಿಪಟ್ಟಣದವರೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 65, ಹಳಬರ ಬಾಯಲ್ಲಿ ಇನ್ನೂ 'ನೈನ್' ಹೈವೇ. ಬಿ.ಎಚ್.ಇ.ಎಲ್ ದಾಟಿದ ಮೇಲೆ ಪಟಾನ್‌ಚೆರು. ಮೂಗು ಮುಚ್ಚಿಕೊಳ್ಳುವಂಥ ಕಾರ್ಖಾನೆಗಳ ವಾಸನೆಯ ನಡುವೆಯೇ ಎಡಕ್ಕೋ ಬಲಕ್ಕೋ ಒಂದು ಬೋರ್ಡು ಕಾಣುತ್ತದೆ: ಇಕ್ರಿಸ್ಯಾಟ್. 1972ರಲ್ಲಿ ಶುರುವಾದ, ಒಣಬೇಸಾಯದ ಬೆಳೆಗಳ ಅಂತರರಾಷ್ಟ್ರೀಯ ಸಂಶೋಧನಾ ಸಂಸ್ಥೆ. ಜೋಳ, ಸಜ್ಜೆ, ಕಡಲೆ, ತೊಗರಿ, ಶೇಂಗಾ ಇವುಗಳ ಒಂದು ಲಕ್ಷಕ್ಕೂ ಹೆಚ್ಚು ಬಗೆಯ ಬೀಜಗಳನ್ನು ಜಗತ್ತಿನ ಮೂಲೆಮೂಲೆಯಿಂದ ತಂದು ಇಲ್ಲಿ ತಣ್ಣನೆಯ ಕೋಣೆಗಳಲ್ಲಿ ಕಾಪಿಟ್ಟಿದ್ದಾರೆ. ನಾನು ಅಲ್ಲಿ ನಿಲ್ಲಲಿಲ್ಲ. ಆದರೆ ಈ ಬೋರ್ಡನ್ನು ನೆನಪಿಡಿ, ಎಪ್ಪತ್ತು ಕಿಲೋಮೀಟರ್ ಆಚೆಗೆ ಇದೇ ಬೀಜಗಳು ಇನ್ನೊಂದು ರೀತಿ ಬದುಕಿರುವುದನ್ನು ಹೇಳಲಿಕ್ಕಿದೆ.

ಕಂದಿಯಲ್ಲಿ ಐ.ಐ.ಟಿ, ಆಮೇಲೆ ಸಂಗಾರೆಡ್ಡಿ, ಸದಾಶಿವಪೇಟೆ. ಇಲ್ಲಿಯವರೆಗೆ ವರ್ಣಿಸುವಂಥದ್ದು ಏನೂ ಇಲ್ಲ. ಲಾರಿ, ಲೇಔಟ್, ಡಾಬಾ, ಮತ್ತೆ ಲೇಔಟ್. ಗಾಳಿ ಮಾತ್ರ ಪುಣ್ಯಕ್ಕೆ ಬೆನ್ನಿಗಿತ್ತು. ಚಳಿಗಾಲದಲ್ಲಿ ಇಲ್ಲಿ ಗಾಳಿ ಹೆಚ್ಚಾಗಿ ಪೂರ್ವದಿಂದ ಬೀಸುತ್ತದೆ. ಬೀದರಿಗೆ ಹೋಗುವಾಗ ತಳ್ಳುತ್ತದೆ, ಬರುವಾಗ ಎದೆಗೆ ಒದೆಯುತ್ತದೆ. ಮೊದಲ ದಿನ ಹುಮ್ಮಸ್ಸಿನಲ್ಲಿ ಸರಾಸರಿ ವೇಗ ನೋಡಿ ಬೀಗುವವರು ಮರುದಿನಕ್ಕೂ ಒಂದಿಷ್ಟು ಶಕ್ತಿ ಇಟ್ಟುಕೊಂಡಿರಬೇಕು.

ಸದಾಶಿವಪೇಟೆ ಕಳೆದು ಸ್ವಲ್ಪ ಹೊತ್ತಿಗೆ ಮಣ್ಣಿನ ಬಣ್ಣ ತಿರುಗುತ್ತದೆ. ಕಪ್ಪು ಹೋಗಿ ಕೆಂಪು, ಬೀದರ್ ಪ್ರಸ್ಥಭೂಮಿಯ ಜಂಬಿಟ್ಟಿಗೆಯ ಕೆಂಪು. ಹೈದರಾಬಾದಿಗಿಂತ ನೂರು ಮೀಟರಿನಷ್ಟು ಮೇಲಕ್ಕೆ ಬಂದಿರುತ್ತೇವೆ, ತೊಡೆಗೆ ಗೊತ್ತಾಗದ ಹಾಗೆ. ಹುಣಸೆಮರದ ಸಾಲು, ಕಬ್ಬು ತುಂಬಿಕೊಂಡು ಹಾಡು ಹಚ್ಚಿಕೊಂಡು ಹೋಗುವ ಟ್ರ್ಯಾಕ್ಟರ್, ಶುಂಠಿ ಹೊಲ, ಆಲೂಗಡ್ಡೆ ಹೊಲ. ನಾಲ್ಕು ತಂಪು ತಿಂಗಳು, ಸ್ವಲ್ಪ ನೀರು, ದುಡ್ಡಿನ ಬೆಳೆ. ಜಹೀರಾಬಾದಿನಲ್ಲೇ ಟ್ರ್ಯಾಕ್ಟರ್ ತಯಾರಿಸುವ ಮಹೀಂದ್ರಾದ ದೊಡ್ಡ ಕಾರ್ಖಾನೆಯೂ ಇದೆ.

ಇಂಥ ಊರಿನ ಬಗಲಲ್ಲಿ, ಹೆದ್ದಾರಿಯಿಂದ ತುಸು ಒಳಗೆ, ಪಸ್ತಾಪುರ ಎಂಬ ಹಳ್ಳಿ. ನಮ್ಮವನೊಬ್ಬನ ಕಥೆ ಇಲ್ಲಿದೆ. ಹೈದರಾಬಾದಿನ ಕನ್ನಡಿಗರ ಸಭೆಗಳಲ್ಲಿ ಆ ಹೆಸರನ್ನು ನಾನು ಕೇಳಿದ್ದು ತುಂಬ ಕಡಿಮೆ. ಪಿ.ವಿ. ಸತೀಶ್, ಪೂರ್ತಿ ಹೆಸರು ಪೆರಿಯಾಪಟ್ನ ವೆಂಕಟಸುಬ್ಬಯ್ಯ ಸತೀಶ್. ಹೆಸರಿನಲ್ಲೇ ನಮ್ಮ ಪಿರಿಯಾಪಟ್ಟಣ ಕಾಣುತ್ತದಲ್ಲ! 1945ರಲ್ಲಿ ಮೈಸೂರಿನಲ್ಲಿ ಹುಟ್ಟಿದವರು, ದೆಹಲಿಯಲ್ಲಿ ಪತ್ರಿಕೋದ್ಯಮ ಓದಿ ದೂರದರ್ಶನಕ್ಕೆ ಸೇರಿದವರು. 1975–76ರಲ್ಲಿ ಉಪಗ್ರಹದ ಮೂಲಕ ಆರು ರಾಜ್ಯಗಳ ಹಳ್ಳಿಗಳಿಗೆ ಟಿ.ವಿ. ತೋರಿಸಿದ 'ಸೈಟ್' ಪ್ರಯೋಗ ಹಿರಿಯ ಓದುಗರಿಗೆ ನೆನಪಿರಬಹುದು, ನಮ್ಮ ಗುಲ್ಬರ್ಗ, ರಾಯಚೂರು, ಬಿಜಾಪುರ ಕಡೆಯ ಹಳ್ಳಿಗಳಿಗೂ ಆಗ ಟಿ.ವಿ. ಪೆಟ್ಟಿಗೆ ಬಂದಿತ್ತು. ಅದರಲ್ಲಿ ಕೆಲಸ ಮಾಡಿದ ಸತೀಶ್ ಹಳ್ಳಿ ಕಾರ್ಯಕ್ರಮ ಮಾಡುತ್ತಾ ಮಾಡುತ್ತಾ ಹಳ್ಳಿಯಲ್ಲೇ ಉಳಿದರು. 1983ರಲ್ಲಿ ಗೆಳೆಯರ ಜೊತೆ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಕಟ್ಟಿದರು. 2023ರ ಮಾರ್ಚ್ 19ರಂದು ತೀರಿಕೊಂಡರು. ವಿಶ್ವಸಂಸ್ಥೆ ಸಿರಿಧಾನ್ಯ ವರ್ಷವೆಂದು ಸಾರಿದ ವರ್ಷವೇ ಅದು.

1983 ಎನ್ನುವುದಕ್ಕೆ ಇನ್ನೊಂದು ಅರ್ಥವೂ ಇದೆ. ಆ ವರ್ಷವೇ ಎನ್.ಟಿ. ರಾಮರಾವ್ ಗೆದ್ದು, ಕಿಲೋಗೆ ಎರಡು ರೂಪಾಯಿಯ ಅಕ್ಕಿ ಬಂತು. ಬಡವನ ಹೊಟ್ಟೆ ತುಂಬಿಸಿದ ಯೋಜನೆ, ಅದರ ಬಗ್ಗೆ ಕೊಂಕು ಮಾತಾಡುವುದು ಸುಲಭ, ನಾನು ಆಡುವುದಿಲ್ಲ. ಆದರೆ ಜೋಳ, ಸಾಮೆ, ನವಣೆ ಬೆಳೆಯುವ ಒಣನೆಲದ ಸೀಮೆಗೆ ಎಲ್ಲೋ ನದಿ ಬಯಲಿನಲ್ಲಿ ಬೆಳೆದ ಅಕ್ಕಿ ಅಗ್ಗಕ್ಕೆ ಬಂದರೆ, ಜೋಳ ಬಿತ್ತುವವನು ಯಾರಿಗಾಗಿ ಬಿತ್ತಬೇಕು? ಹೊಲ ಬೀಳು ಬಿದ್ದವು. ಬಡ ದಲಿತ ಹೆಂಗಸರಿಗೆ ಪಟ್ಟಾ ಸಿಕ್ಕ ನೆಲವಂತೂ ಮೊದಲೇ ಕಲ್ಲುಮಿಟ್ಟೆ. ಅಲ್ಲಿ ಊರೂರಿಗೆ 'ಸಂಘಂ' ಎಂದು ಕೂಡಿಕೊಂಡ ಈ ಹೆಂಗಸರು, ಸತೀಶ್ ಮತ್ತು ಜೊತೆಯವರ ಬೆಂಬಲದಿಂದ, 1990ರ ದಶಕದ ನಡುವಿನಲ್ಲಿ ಒಂದು ಕೆಲಸ ಮಾಡಿದರು. ಬೀಳು ನೆಲದವರಿಗೆ ಉಳುಮೆ, ಗೊಬ್ಬರಕ್ಕೆ ಸಾಲ. ಸಾಲ ತೀರಿಸುವುದು ದುಡ್ಡಿನಲ್ಲಲ್ಲ, ಜೋಳದಲ್ಲಿ, ಕೆಲವು ವರ್ಷಗಳ ಕಂತಿನಲ್ಲಿ. ಹಾಗೆ ಬಂದ ಜೋಳ ಊರಿನದೇ ಕಣಜಕ್ಕೆ. ಮಳೆಗಾಲದ ಹಸಿವಿನ ದಿನಗಳಲ್ಲಿ ಊರಿನ ಕಡುಬಡವರಿಗೆ ಕಡಿಮೆ ಬೆಲೆಗೆ. ಯಾರು ಕಡುಬಡವರು ಎಂದು ತೀರ್ಮಾನಿಸುವುದು ಊರಿನವರೇ. ಸರ್ಕಾರದ ರೇಷನ್ ಅಂಗಡಿಯ ಪಕ್ಕದಲ್ಲಿ ಹೆಂಗಸರದೇ ಒಂದು ರೇಷನ್ ವ್ಯವಸ್ಥೆ! ಈಗ ಎಪ್ಪತ್ತೈದರಷ್ಟು ಹಳ್ಳಿಗಳಲ್ಲಿ ಈ ಸಂಘಗಳಿವೆ. 2019ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಬಂತು.

ಇವರ ಹೊಲ ನೋಡಬೇಕೆಂದೇ ನಾನು ಹೆದ್ದಾರಿ ಬಿಟ್ಟು ಒಳದಾರಿ ಹಿಡಿದದ್ದು. ಹೊಸಬರಿಗೆ ಅದು ಹೊಲ ಅನ್ನಿಸುವುದೇ ಇಲ್ಲ, ಯಾರೋ ಕಾಳುಕಡ್ಡಿ ಚೆಲ್ಲಿ ಹೋದ ಹಾಗೆ ಕಾಣುತ್ತದೆ. ಒಂದೆಕರೆಯಲ್ಲಿ ಹದಿನೈದು ಇಪ್ಪತ್ತು ಬೆಳೆ. ನಾನು ಹೋದಾಗ ಹಿಂಗಾರಿ ಜೋಳ ತೆನೆ ಕಟ್ಟಿ ನಿಂತಿತ್ತು, ಮಧ್ಯೆ ಮಧ್ಯೆ ಕಡಲೆ, ಅಗಸೆ, ಅಂಚಿಗೆ ದನ ಬಾಯಿ ಹಾಕದ ಹಾಗೆ ಮುಳ್ಳಿನ ಕುಸುಬೆ, ಹಳದಿ ಹೂವು. ನೀರಾವರಿ ಇಲ್ಲ. ಮಣ್ಣಿನಲ್ಲಿ ಉಳಿದ ಹಸಿ, ರಾತ್ರಿ ಬೀಳುವ ಇಬ್ಬನಿ, ಅಷ್ಟರಲ್ಲೇ ಬೆಳೆಯಬೇಕು. ಇಂಥ ಬೆಳೆಗೆ ಇವರು ಇಟ್ಟ ಹೆಸರು 'ಸತ್ಯಂ ಪಂಟಲು', ಸತ್ಯದ ಬೆಳೆಗಳು. ಬಿತ್ತದೆಯೇ ಬರುವ ಸೊಪ್ಪುಗಳಿಗೂ ಲೆಕ್ಕವುಂಟು. ಕಳೆ ಎಂದು ಕಿತ್ತು ಎಸೆಯುವುದಿಲ್ಲ, ಸಂಜೆಗೆ ಸಾರಿಗೆ ಬೀಳುತ್ತದೆ.

ನಮ್ಮ ಕಡೆ ಇದಕ್ಕೆ ಅಕ್ಕಡಿ ಅನ್ನುತ್ತಾರೆ. ರಾಗಿಯ ನಡುವೆ ಅವರೆ, ತೊಗರಿ, ಹುಚ್ಚೆಳ್ಳು, ಬದುವಿಗೆ ಹರಳು. ನಮ್ಮಜ್ಜಿಯ ಕಾಲದಲ್ಲಿ ಇತ್ತು. ನಮ್ಮಪ್ಪನ ಕಾಲಕ್ಕೆ ಪಾವಗಡ ಎಂದರೆ ಕಡಲೆಕಾಯಿ, ಕಡಲೆಕಾಯಿ ಎಂದರೆ ಪಾವಗಡ ಅಂತಾಯಿತು. ಒಂದೇ ಬೆಳೆ, ಒಂದೇ ಮಳೆ, ಬಂದರೆ ಹಬ್ಬ, ಹೋದರೆ ಬಡ್ಡಿ ಸಾಲ.

ಹೆಸರುಗಳು ನನ್ನನ್ನು ಹಿಡಿದು ನಿಲ್ಲಿಸಿದವು. ನಮ್ಮ ಜೋಳ ಇಲ್ಲಿ ಜೊನ್ನ, ನವಣೆ ಕೊರ್ರ, ತೊಗರಿ ಕಂದಿ, ಹಾರಕ ಅರಿಕೆ, ಸಾಮೆ ಮಾತ್ರ ಸಾಮವೇ. ಬೀದರಿನ ಪುಂಡಿಪಲ್ಯ ಗಡಿಯ ಈಚೆಗೆ ಪುಂಟಿಕೂರ. 1956ರವರೆಗೆ ಈ ಜಹೀರಾಬಾದ್, ನಾರಾಯಣಖೇಡ್ ಎಲ್ಲವೂ ಹೈದರಾಬಾದ್ ರಾಜ್ಯದ ಬೀದರ್ ಜಿಲ್ಲೆಯಲ್ಲೇ ಇದ್ದವು. ರಾಜ್ಯ ವಿಂಗಡಣೆಯಲ್ಲಿ ಬೀದರ್ ಮೈಸೂರು ರಾಜ್ಯಕ್ಕೆ, ಇವು ಆಂಧ್ರದ ಮೆದಕ್ ಜಿಲ್ಲೆಗೆ. ಗೆರೆ ಎಳೆದವರು ಜನರ ಮಾತನ್ನು ನೋಡಿ ಎಳೆದರು, ಸರಿಯೇ. ಊಟ, ಮಣ್ಣು ಮಾತ್ರ ಆ ಗೆರೆಯನ್ನು ಇನ್ನೂ ಒಪ್ಪಿಲ್ಲ.

ಒಂದು ಹೊಲದ ಬದುವಿನಲ್ಲಿ ಸೈಕಲ್ ಮಲಗಿಸಿ ನೀರು ಕುಡಿಯುತ್ತಿದ್ದಾಗ ಸೊಪ್ಪಿನ ಮಡಿಲು ಕಟ್ಟಿಕೊಂಡು ಒಬ್ಬ ಮುದುಕಿ ಬಂದಳು. ಎಪ್ಪತ್ತರ ಹತ್ತಿರದವಳು. ನನ್ನ ಪಾವಗಡದ ತೆಲುಗು ಕೇಳಿ ಅವಳಿಗೆ ನಗು, ಅವಳ ಜಹೀರಾಬಾದಿನ ತೆಲುಗಿನಲ್ಲಿ ಅರ್ಧ ಉರ್ದು, ನಡುನಡುವೆ ಕನ್ನಡ. ನಾನು 'ಅವ್ವಾ' ಅಂದೆ, ಅದು ಎರಡೂ ಭಾಷೆಗೆ ಸಲ್ಲುವ ಮಾತು. ಅವಳು 'ಬಿಡ್ಡಾ' ಅಂದಳು.

"ಎಲ್ಲಿಂದ ತುಳ್ಕೊಂಡು ಬಂದೆ ಬಿಡ್ಡಾ?"

"ಪಟ್ನದಿಂದ ಅವ್ವಾ." ಈ ಕಡೆಯವರಿಗೆ ಪಟ್ನ ಎಂದರೆ ಹೈದರಾಬಾದೇ.

"ಏನು ಮಾರ್ತೀಯ?"

ಏನೂ ಮಾರಲ್ಲ, ಸುಮ್ಮನೆ ನೋಡಲು ಬಂದೆ ಎಂದೆ. ಅವಳಿಗೆ ನಂಬಿಕೆ ಬರಲಿಲ್ಲ. ಸೈಕಲ್ಲಿನ ಬೆಲೆ ಕೇಳಿದಳು. ಅರ್ಧ ಮಾಡಿ ಹೇಳಿದೆ, ಅದಕ್ಕೇ ಎರಡು ಎತ್ತು ಬರುತ್ತಿದ್ದವಲ್ಲ ಎಂದು ಹಣೆ ಚಚ್ಚಿಕೊಂಡಳು. ಆಮೇಲೆ ಹೊಲ ಉಂಟಾ ಅಂದಳು. ಉಂಟು, ನಾಲ್ಕೆಕರೆ. ಏನು ಹಾಕಿದ್ದೀರಿ? ಏನೂ ಇಲ್ಲ, ಬೀಳು ಬಿದ್ದಿದೆ. ಅವಳ ಮುಂದಿನ ಪ್ರಶ್ನೆ ಮಳೆ ಹೇಗೆ, ಬೋರ್‌ವೆಲ್ ಇದೆಯಾ ಅನ್ನುವುದಾಗಿರಲಿಲ್ಲ.

"ಮನೆಯಲ್ಲಿ ಬೀಜ ಇದೆಯಾ?"

ಇಲ್ಲ ಅವ್ವಾ ಎಂದೆ. ಅಮ್ಮ ಇದ್ದಾಗ ಬೇವಿನ ಸೊಪ್ಪು, ಬೂದಿ ಹಾಕಿ ಗಡಿಗೆಯಲ್ಲಿ ಮುಚ್ಚಿಡುತ್ತಿದ್ದ ತೊಗರಿ, ಅವರೆ, ನವಣೆ ಕಣ್ಣ ಮುಂದೆ ಬಂದವು. ಅಮ್ಮ ಹೋಗಿ ಹನ್ನೊಂದು ವರ್ಷ. ಅವಳು ಮತ್ತೇನೂ ಕೇಳದೆ ಮಡಿಲಿನ ಸೊಪ್ಪು ಸರಿಮಾಡಿಕೊಂಡು ಹೊರಟಳು.

ಈ ಹಳ್ಳಿಗಳಲ್ಲಿ ಬೀಜಕ್ಕೆ ಅಂಗಡಿಗೆ ಹೋಗುವುದಿಲ್ಲ. ಸಂಘದ ಬೀಜದ ಮನೆಯಲ್ಲಿ ಬುಟ್ಟಿ, ಗಡಿಗೆಗಳ ಸಾಲು. ಬೇಕಾದವರು ಅಳೆದು ಒಯ್ಯುತ್ತಾರೆ, ಸುಗ್ಗಿಯಲ್ಲಿ ಪಡೆದದ್ದಕ್ಕಿಂತ ಹೆಚ್ಚು ಅಳೆದು ತಂದು ಸುರಿಯುತ್ತಾರೆ. ಇಕ್ರಿಸ್ಯಾಟಿನ ತಣ್ಣನೆಯ ಕೋಣೆಗೂ ಇದಕ್ಕೂ ಜಗಳವಿಲ್ಲ, ಎರಡೂ ಬೇಕು. ಆದರೆ ಕೋಣೆಯಲ್ಲಿರುವ ಬೀಜ ಮಲಗಿರುತ್ತದೆ. ಬುಟ್ಟಿಯ ಬೀಜ ವರ್ಷವರ್ಷವೂ ಮಳೆ, ಹುಳ, ಬಿಸಿಲು ಎಲ್ಲದರ ಹತ್ತಿರ ಪೆಟ್ಟು ತಿಂದು ಪಾಠ ಕಲಿಯುತ್ತದೆ. ಸಂಕ್ರಾಂತಿಯ ಹೊತ್ತಿಗೆ ಶುರುವಾಗಿ ಫೆಬ್ರವರಿ ನಡುವಿನವರೆಗೆ ಸುಮಾರು ಒಂದು ತಿಂಗಳು ಇವರ 'ಪಾತ ಪಂಟಲ ಜಾತರ' ನಡೆಯುತ್ತದೆ, ಹಳೆಯ ಬೆಳೆಗಳ ಜಾತ್ರೆ. ಎತ್ತಿನಗಾಡಿಗಳನ್ನು ಸಿಂಗರಿಸಿ, ಬಗೆಬಗೆಯ ಬೀಜಗಳ ಗಡಿಗೆ ಇಟ್ಟುಕೊಂಡು, ಡೋಲು ಹಾಡಿನ ಜೊತೆ ಊರಿನಿಂದ ಊರಿಗೆ ಮೆರವಣಿಗೆ. ನನಗೆ ಒಂದು ಊರಿನಲ್ಲಿ ಗಾಡಿಗಳು ಸಿಕ್ಕವು. ದೇವರ ರಥಕ್ಕೆ ಮಾಡುವ ಹಾಗೆ ಹೆಂಗಸರು ಗಡಿಗೆಗಳಿಗೆ ಆರತಿ ಎತ್ತುತ್ತಿದ್ದರು. ಶಾಲೆಯ ಹುಡುಗರು ಮಾತ್ರ ಅದನ್ನೆಲ್ಲ ಬಿಟ್ಟು ನನ್ನ ಸೈಕಲ್ಲಿನ ಗೇರು ಎಣಿಸುತ್ತಿದ್ದರು. ಇದನ್ನೂ ಹೇಳಲೇಬೇಕು.

ಆಮಿಷ್ ಜನರ ಮಾತು ಬಂತಲ್ಲ, ಅವರಿಗೂ ಇವರಿಗೂ ಇರುವ ಒಂದು ದೊಡ್ಡ ವ್ಯತ್ಯಾಸ ಹೇಳಿಬಿಡುತ್ತೇನೆ. ಹೊಸ ಯಂತ್ರ ಬಂದಾಗ ಆಮಿಷ್ ಸಭೆ ಕೂತು, ಇದು ನಮ್ಮನ್ನು ಒಟ್ಟಿಗೆ ಇಡುತ್ತದೆಯೇ, ಚದುರಿಸುತ್ತದೆಯೇ ಎಂದು ಕೇಳಿ ತೀರ್ಮಾನಿಸುತ್ತದೆ. ಫೋಟೋಗೆ ಮುಖ ಕೊಡಲು ಅವರು ಒಪ್ಪುವುದಿಲ್ಲ. ಜಹೀರಾಬಾದಿನ ಹೆಂಗಸರೂ ಕೂತು ತೀರ್ಮಾನಿಸುವವರೇ. ರಾಸಾಯನಿಕ ಗೊಬ್ಬರ ಬೇಡ ಎಂದರು, ಕಂಪನಿ ಬೀಜ ಬೇಡ ಎಂದರು. ಆದರೆ ಕ್ಯಾಮೆರಾ ಬೇಕು ಎಂದರು! ಓದು ಬಾರದ ರೈತ ಹೆಂಗಸರು ವಿಡಿಯೋ ಕಲಿತು, ಬಿ.ಟಿ. ಹತ್ತಿ ಬೆಳೆದು ಕೆಟ್ಟ ವಾರಂಗಲ್ ರೈತರ ಮೇಲೆ ಚಿತ್ರ ಮಾಡಿದರು. ಸಿನಿಮಾದವರ ಹೈ ಆಂಗಲ್, ಲೋ ಆಂಗಲ್ ಎಲ್ಲ ಅವರಿಗೆ ಬೇಕಾಗಲಿಲ್ಲ. ಮೇಲಿನಿಂದ ಕೆಳಕ್ಕೆ ನೋಡಿದರೆ ಅದು ಪಟೇಲನ ಶಾಟ್, ಕೆಳಗಿನಿಂದ ಮೇಲಕ್ಕೆ ನೋಡಿದರೆ ಆಳಿನ ಶಾಟ್, ಕಣ್ಣಿಗೆ ಕಣ್ಣು ಸಮನಾಗಿದ್ದರೆ ಸಂಘಂ ಶಾಟ್. ಇಷ್ಟೇ ವ್ಯಾಕರಣ. ಯಾವ ಫಿಲ್ಮ್ ಶಾಲೆಯಲ್ಲೂ ಇದಕ್ಕಿಂತ ಚೆನ್ನಾಗಿ ಹೇಳಿಕೊಡುವುದನ್ನು ನಾನು ಕೇಳಿಲ್ಲ.

ರೇಡಿಯೋ ಕಥೆಯೂ ಹಾಗೆಯೇ. ಮಾಚನೂರಿನಲ್ಲಿ 1998ರ ಸುಮಾರಿಗೇ ಯುನೆಸ್ಕೋ ನೆರವಿನಿಂದ ಸ್ಟುಡಿಯೋ ಸಿದ್ಧವಾಗಿತ್ತು, ಲೈಸೆನ್ಸ್ ಮಾತ್ರ ಇಲ್ಲ. ಹತ್ತು ವರ್ಷ ಕ್ಯಾಸೆಟ್ಟಿನಲ್ಲಿ ಕಾರ್ಯಕ್ರಮ ತುಂಬಿ ಸಂಘಗಳಲ್ಲಿ ಕೇಳಿಸಿಕೊಂಡು ಕಾದರು. 2008ರ ಅಕ್ಟೋಬರ್ 15ರಂದು ಸಂಘಂ ರೇಡಿಯೋ ಗಾಳಿಗೆ ಬಂತು. ಉದ್ಘಾಟಿಸಿದವರು ನ್ಯಾಯಮೂರ್ತಿ ಪಿ.ಬಿ. ಸಾವಂತ್. ಗಾಳಿಯ ಅಲೆಗಳು ಜನರ ಸೊತ್ತು ಎಂದು 1995ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ತೀರ್ಪು ಬರೆದವರಲ್ಲಿ ಒಬ್ಬರು. ನಮ್ಮ ಕೋಲಾರದ ಬೂದಿಕೋಟೆಯಲ್ಲಿ ಇದೇ ಕಾಲದಲ್ಲಿ 'ನಮ್ಮ ಧ್ವನಿ' ಎಂದು ಕೇಬಲ್ ತಂತಿಯ ಮೂಲಕ ರೇಡಿಯೋ ನಡೆಸಿದ್ದರು, ಲೈಸೆನ್ಸಿನ ತಾಪತ್ರಯ ತಪ್ಪಿಸಲು. ಕನ್ನಡಿಗರೂ ಈ ವಿಷಯದಲ್ಲಿ ಹಿಂದೆ ಬಿದ್ದವರಲ್ಲ ಎಂಬುದಕ್ಕೆ ಹೇಳಿದೆ.

ಇಷ್ಟೆಲ್ಲ ಹೊಗಳಿದ ಮೇಲೆ ಇನ್ನೊಂದು ಕಡೆಯನ್ನೂ ನೋಡಬೇಕು. ಇದೇ ನ್ಯಾಲ್ಕಲ್, ಝರಾಸಂಗಂ ಮಂಡಲಗಳಲ್ಲಿ ಸುಮಾರು 12,600 ಎಕರೆಯಲ್ಲಿ ರಾಷ್ಟ್ರೀಯ ಹೂಡಿಕೆ ಮತ್ತು ಉತ್ಪಾದನಾ ವಲಯ ಮಾಡುವ ಯೋಜನೆ ಹತ್ತಾರು ವರ್ಷದಿಂದ ನಡೆದಿದೆ. 2024ರ ಆಗಸ್ಟಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ಹನ್ನೆರಡು ಕೈಗಾರಿಕಾ ನಗರಗಳ ಪಟ್ಟಿಯಲ್ಲಿ ಜಹೀರಾಬಾದೂ ಇದೆ. ಪಾವಗಡದಲ್ಲಿ ಗುತ್ತಿಗೆ, ಇಲ್ಲಿ ಭೂಸ್ವಾಧೀನ. ಪಾವಗಡದ ನೆಲ ಕಾಗದದ ಮೇಲಾದರೂ ರೈತನದ್ದೇ, ಇಲ್ಲಿ ಅದೂ ಇಲ್ಲ. ಹುಡುಗರಿಗೆ ಕೆಲಸ ಬೇಕು, ನಿಜ. ಗೇರು ಎಣಿಸುತ್ತಿದ್ದ ಹುಡುಗರನ್ನು ಹೊಲದಲ್ಲೇ ಇರಿ ಎಂದು ಹೇಳಲು, ಹೊಲ ಬಿಟ್ಟು ಬಂದ ನನಗೆ ಯಾವ ಬಾಯಿ? ಆದರೆ ಮೂವತ್ತು ನಲವತ್ತು ವರ್ಷ ಕಲ್ಲು ಆರಿಸಿ, ಸಗಣಿ ಹೊತ್ತು ಆ ಹೆಂಗಸರು ಮಾಡಿದ ಮಣ್ಣಿಗೆ ಎಕರೆಗೆ ಇಷ್ಟು ಎಂದು ಬೆಲೆ ಕಟ್ಟುವಾಗ, ಆ ಕೆಲಸ ಯಾವ ಕಾಲಂನಲ್ಲಿ ಬರುತ್ತದೆ ಎಂದು ನನಗೆ ಹೊಳೆಯಲಿಲ್ಲ.

ಬೀದರ್ ಸೇರಿದಾಗ ನಾಲ್ಕು ಗಂಟೆ. ವಾಯುಪಡೆಯ ತರಬೇತಿ ವಿಮಾನಗಳು ತಲೆಯ ಮೇಲೆ ಕಿವಿ ಹರಿಯುವಂತೆ ಹೋದವು. ಖಾನಾವಳಿಯಲ್ಲಿ ಎರಡು ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಆಮೇಲೆ ಇನ್ನೆರಡು ರೊಟ್ಟಿ. "ಹೈದ್ರಾಬಾದಿಂದ ಸೈಕಲ್ ಮ್ಯಾಲ ಬಂದೀರೇನ್ರಿ?" ಎಂದು ಬಡಿಸುವವನು ಐದನೆಯದನ್ನು ಕೇಳದೆಯೇ ಹಾಕಿದ.

ರಾತ್ರಿ ಅಣ್ಣನಿಗೆ ಫೋನ್ ಮಾಡಿ ಕಂಡದ್ದನ್ನೆಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡ. "ಚೆನ್ನಾಗಿದೆ ಕಣೋ, ಆದರೆ ಅಲ್ಲಿ ಅಷ್ಟು ಜನ ಹೆಂಗಸರು ಸೇರಿ ಮಾಡಿದ್ದು. ಇಲ್ಲಿ ನಾನೊಬ್ಬ, ನಿಮ್ಮತ್ತಿಗೆಗೆ ಮಂಡಿ ನೋವು. ಕಳೆ ಕೀಳೋಕೆ ನೀನು ಬರ್ತೀಯಾ?" ನಾನು ಸುಮ್ಮನಿದ್ದೆ. ಅವನೇ ಸ್ವಲ್ಪ ಹೊತ್ತಿಗೆ, ಗುತ್ತಿಗೆ ಕಾಗದವನ್ನು ಮಧುಗಿರಿಯ ವಕೀಲರಿಗೆ ತೋರಿಸೋಣ, 28 ವರ್ಷ ಕಳೆದ ಮೇಲೆ ಕಬ್ಬಿಣ, ಸಿಮೆಂಟ್ ಕಿತ್ತು ಕೊಡುವವರು ಯಾರು ಅಂತ ಮೊದಲು ತಿಳ್ಕೊಳ್ಳೋಣ ಅಂದ. ಬೇಕಾದರೆ ಬಾವಿ ಕಡೆಯ ಒಂದೆಕರೆ ಬಿಟ್ಟು ಮೂರೇ ಕೊಡಬಹುದು ಅಂತಲೂ ಅಂದ. ಆಗ ಅವನಿಗೆ 66 ವರ್ಷ ದಾಟಿತ್ತು ಎನ್ನುವುದು ಲೆಕ್ಕಕ್ಕೆ ಬಂತು. 28 ಕೂಡಿಸಿ ನೋಡಲು ಮನಸ್ಸಾಗಲಿಲ್ಲ.

ಮಾರನೇ ದಿನ ಎದುರುಗಾಳಿ ಹೇಳಿದಂತೆಯೇ ಬಂತು. ಸದಾಶಿವಪೇಟೆಯ ಹತ್ತಿರ ಹಿಂದಿನ ಟ್ಯೂಬಿಗೆ ಕರಿಜಾಲಿ ಮುಳ್ಳು, ಮುಕ್ಕಾಲು ಗಂಟೆ ಅದಕ್ಕೇ ಹೋಯಿತು. ಮನೆ ಸೇರುವಾಗ ಕತ್ತಲೆ. ಈಗ ದಿನಾ ಬೆಳಿಗ್ಗೆ ಸವಾರಿ ಮಾಡುವುದು ಹೊರವರ್ತುಲ ರಸ್ತೆಯ ಪಕ್ಕದ 23 ಕಿಲೋಮೀಟರ್ ಸೈಕಲ್ ಪಥದಲ್ಲಿ, 2023ರಲ್ಲಿ ತೆರೆದದ್ದು. ನುಣ್ಣನೆಯ ದಾರಿ, ತಲೆಯ ಮೇಲೆ ಉದ್ದಕ್ಕೂ ಸೋಲಾರ್ ಹಲಗೆಗಳ ನೆರಳು. ಆ ನೆರಳು ಎಷ್ಟು ಹಿತ ಎನ್ನುವುದನ್ನು ಏಪ್ರಿಲ್ ತಿಂಗಳಲ್ಲಿ ಅಲ್ಲಿ ತುಳಿದವರೇ ಬಲ್ಲರು.

ಬೀಜದ ಗಾಡಿಗಳು ಫೆಬ್ರವರಿ ನಡುವಿನವರೆಗೆ ಓಡಾಡುತ್ತಿರುತ್ತವೆ. ಹೈದರಾಬಾದಿನ ಕನ್ನಡಿಗರು ಯಾರಾದರೂ ಸೈಕಲ್ಲಿನಲ್ಲಿ ಹೋಗುವುದಾದರೆ ಐದಕ್ಕೆ ಮುಂಚೆ ಹೊರಡಿ, ಪಟಾನ್‌ಚೆರುವನ್ನು ಲಾರಿಗಳು ಏಳುವ ಮೊದಲೇ ದಾಟಿ. ಎರಡು ಟ್ಯೂಬ್ ಇಟ್ಟುಕೊಳ್ಳಿ. ಸೈಕಲ್ ಬೇಡವೆಂದರೆ ಬೀದರಿನ ಬಸ್ಸು ಜಹೀರಾಬಾದಿನಲ್ಲಿ ನಿಲ್ಲುತ್ತದೆ. ಹೊಲದ ಬದುವಿನಲ್ಲಿ ಯಾರಾದರೂ ಸಿಕ್ಕರೆ ಸೈಕಲ್ಲಿನ ಬೆಲೆಯನ್ನು ಅರ್ಧ ಅಲ್ಲ, ಕಾಲು ಭಾಗ ಹೇಳಿ.